ಬ್ರೇಕ್ ಒತ್ತಿದರೆ ದೇವರ ದೀಪ

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡುತ್ತಿದ್ದ ಮೇಷ್ಟ್ರು ನಾನು. ಕಪ್ಪು ಹಲಗೆಯ ಮೇಲೆ ಬ್ಯಾಟರಿ ಬರೆದು, ಬಲ್ಬು ಬರೆದು, ಬಾಣದ ಗುರುತು ಎಳೆದು, ‘ಕರೆಂಟು ಹೊರಟಲ್ಲಿಗೇ ವಾಪಸ್ಸು ಬರಬೇಕು ಕಣ್ರೋ’ ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಅಂಥವನ ತಲೆಯನ್ನೇ ಒಂದು ಹಳೇ ಪುಟ್ಟ ಕಾರು ಕೆಡಿಸಿಬಿಟ್ಟಿತು.

ತೊಂಬತ್ತರ ದಶಕದ ನಡುವಿನ ಮಾತು. ಕೆ.ಆರ್. ಪೇಟೆಯ ಡಾಕ್ಟರೊಬ್ಬರು ಕಣ್ಣು ಮಂಜಾಯಿತೆಂದು ಮಾರಿದ, ಎರಡೇ ಬಾಗಿಲಿನ, ಗುಂಡು ಬೆನ್ನಿನ ಕಾರು ಅದು. ಶ್ರೀರಂಗಪಟ್ಟಣದ ನಮ್ಮ ಮನೆ ಮುಂದೆ ಅದು ನಿಂತ ಮಾರನೇ ದಿನವೇ ನನ್ನ ಹೆಂಡತಿಯ ತಮ್ಮ ಪಾಂಡವಪುರದಿಂದ ಬಂದ. ಅಲ್ಲಿ ಅವನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳಿಗೆ ತಂತಿ ಸುತ್ತಿ ಜೀವ ಕೊಡುವವನು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನನ್ನ ಹೆಂಡತಿಯೇ. ಅವಳಿಗೆ ಅವನೆಂದರೆ ಪ್ರಾಣ.

“ಭಾವ, ಬರೀ ಕಾರಿದ್ರೆ ಏನ್ ಚೆಂದ? ಒಂದ್ ಭಾನ್ವಾರ ನನ್ ಕೈಗ್ ಕೊಟ್ಬುಡಿ” ಅಂದ.

ಕೊಟ್ಟೆ. ಸಂಜೆಯ ಹೊತ್ತಿಗೆ ಕಾರಿಗೆ ಹಾಡುವ ಹಾರನ್ನು, ಕ್ಯಾಸೆಟ್ ಪ್ಲೇಯರು, ಪುಟ್ಟ ಫ್ಯಾನು, ಮುಂದೆ ಎರಡು ಹಳದಿ ದೀಪ, ಗಾಜಿನ ಕೆಳಗೆ ದೇವರ ಪಟಕ್ಕೊಂದು ಕೆಂಪು ಬಲ್ಬು, ಎಲ್ಲವೂ ಬಂದಿದ್ದವು. ನನ್ನ ನಾಲ್ಕು ವರ್ಷದ ಮಗಳು ಕುಣಿದಾಡಿದಳು. ನಿಜ ಹೇಳುತ್ತೇನೆ, ನಾನೂ ಒಳಗೊಳಗೇ ಬೀಗಿದೆ.

ಒಂದು ವಾರ ಕಳೆಯಿತು ನೋಡಿ, ಶುರುವಾಯಿತು ಗ್ರಹಚಾರ. ಬ್ರೇಕ್ ಒತ್ತಿದರೆ ದೇವರ ದೀಪ ಹತ್ತುತ್ತಿತ್ತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಕ್ಯಾಸೆಟ್ಟಿನ ಹಾಡು ತೊದಲುತ್ತಿತ್ತು. ಬೆಳಗೊಳದ ತಿರುವಿನಲ್ಲಿ ಒಮ್ಮೆ ಬ್ರೇಕ್ ತುಳಿದರೆ ಫ್ಯಾನು ತಾನೇ ತಿರುಗಿತು. ಹಲಗೆ ಮೇಲೆ ಬರೆದ ಯಾವ ಬಾಣವೂ ಹೀಗೆ ಅಡ್ಡದಾರಿ ಹಿಡಿದಿರಲಿಲ್ಲ. ಪುಸ್ತಕ ತೆಗೆದೆ, ನಕ್ಷೆ ಬರೆದೆ, ಹರಿದೆ, ಮತ್ತೆ ಬರೆದೆ. ಊಹೂಂ. ಬಾಮೈದನೂ ಎರಡು ಸಲ ಬಂದು ತಲೆ ಕೆರೆದುಕೊಂಡು, “ನಾನ್ ಆಕಿರೋ ಕನೆಕ್ಷನ್ ಸರಿಯಾಗೇ ಅದೆ ಭಾವ, ಯಾಕಿಂಗಾಡ್ತದೋ” ಎಂದು ಹೋದ.

ಇದರ ಜೊತೆಗೆ ಫ್ಯೂಸು ಬೇರೆ ಪದೇ ಪದೇ ಹೋಗುತ್ತಿತ್ತು. ಕಿರಂಗೂರಿನಲ್ಲಿ ನಮ್ಮಪ್ಪನ ಪಂಪ್‌ಸೆಟ್ಟಿನದೂ ಇದೇ ಗೋಳು. ಅಪ್ಪ ಯಾವ ತಂತಿ ಕೈಗೆ ಸಿಕ್ಕರೂ ಮೂರೆಳೆ ಹೊಸೆದು ಸಿಕ್ಕಿಸಿ, ‘ಈಗೋಯ್ತದಾ ನೋಡವ’ ಅನ್ನುತ್ತಿದ್ದರು. ಗದ್ದೆಯ ನೀರು ನಿಲ್ಲಬಾರದು, ಅಷ್ಟೇ. ಸ್ಕೂಲಿನ ಲ್ಯಾಬಿನಲ್ಲಿ ನೀಲಿ ಹೊದಿಕೆಯ ತಾಮ್ರದ ತಂತಿಯಿತ್ತು. ಒಂದು ಬೆಳಗ್ಗೆ ಅವಸರದಲ್ಲಿ ಅದರ ಮೂರೆಳೆ ಹೊಸೆದು ಬಾನೆಟ್ಟಿನೊಳಗಿನ ಫ್ಯೂಸಿನ ಜಾಗಕ್ಕೆ ಸಿಕ್ಕಿಸಿದೆ. ಫ್ಯೂಸಿನ ತಂತಿ ಯಾಕೆ ತೆಳ್ಳಗಿರಬೇಕು ಎಂದು ಅದೇ ವಾರ ಮಕ್ಕಳಿಗೆ ಪಾಠ ಮಾಡಿದ್ದೆ. ಅಪ್ಪನ ಕೈಯೇ ನನ್ನ ಕೈಗೆ ಬಂದಿತ್ತೋ ಏನೋ, ಮಾಡಿ ಮರೆತೂಬಿಟ್ಟೆ.

ಪಿತೃಪಕ್ಷದ ಹಬ್ಬಕ್ಕೆ ನಾಗಮಂಗಲದಾಚೆ ದೇವಲಾಪುರಕ್ಕೆ, ಮಾವನ ಮನೆಗೆ ಹೊರಟೆವು. ಅವತ್ತು ತೀರಿಹೋದ ಹಿರಿಯರಿಗೆ ಎಡೆ ಇಟ್ಟು ಎಲ್ಲರೂ ಒಟ್ಟಿಗೆ ಉಣ್ಣಬೇಕು. ಉಣ್ಣದೆ ಮನೆಯಿಂದ ಎದ್ದು ಹೋದರೆ ಹಿರಿಯರೂ ಹಸಿದು ಹೋದಂತೆ. ಬಾಮೈದನನ್ನು ಪಾಂಡವಪುರದಲ್ಲಿ ಹತ್ತಿಸಿಕೊಂಡೆವು. ಮಾವನ ಮನೆಯಂಗಳಕ್ಕೆ ಕಾರು ತಿರುಗಿಸಿದ್ದೇ ತಡ, ಮಗಳ ಕಾಲ ಬಳಿ ದಟ್ಟ ಹೊಗೆ ಎದ್ದಿತು. ಹೆಂಡತಿ ಕಿರುಚಿದಳು. ಮಗುವನ್ನು ಎಳೆದುಕೊಂಡು ಆಚೆಗೆ ಹಾರಿದೆ. ಬಾಮೈದ ಬಾನೆಟ್ ಎತ್ತಿ ಬ್ಯಾಟರಿಯ ತಂತಿ ಕಿತ್ತು, ಒಳಗೆಲ್ಲಾ ಕೈಯಾಡಿಸಿ ನೋಡಿದ. ಹೊಗೆ ನಿಂತಿತು. ನನ್ನ ಬಾಯಿ ನಿಲ್ಲಲಿಲ್ಲ.

“ನನ್ನ ಮಗಳನ್ನ ಸುಡ್ತಿದ್ದೆಯಲ್ಲೋ! ಪಂಪ್‌ಸೆಟ್ ಸುತ್ತೋ ಕೈಗೆ ಕಾರು ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು! ಇನ್ಮೇಲೆ ನನ್ನ ಹೊಸಿಲು ತುಳೀಬೇಡ!”

ನೆಂಟರೆಲ್ಲ ಅಂಗಳದಲ್ಲಿ ನಿಂತಿದ್ದರು. ಅವನು ಬ್ಯಾಟರಿಯ ತಂತಿ ಮತ್ತೆ ಕೂಡಿಸಿ, ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು ಬಸ್ಸಿನ ರಸ್ತೆಯತ್ತ ನಡೆದುಬಿಟ್ಟ. ಎಡೆಯ ಮುಂದೆ ಅವನ ಎಲೆ ಹಾಗೇ ಉಳಿಯಿತು.

ಮಾರನೇ ದಿನ ಹಾರನ್ನು, ಇಂಡಿಕೇಟರ್ ಯಾವುದೂ ಇಲ್ಲದೆ, ಕಿಟಕಿಯಿಂದ ಕೈ ಬೀಸಿಕೊಂಡು ಶ್ರೀರಂಗಪಟ್ಟಣ ಸೇರಿದೆ. ಹೆಂಡತಿ ಅವತ್ತಿನಿಂದ ನನಗೆ ಬಡಿಸುತ್ತಿದ್ದಳು, ಅಷ್ಟೇ.

ನಮ್ಮೂರಿನ ವಯಸ್ಸಾದ ಮೆಕ್ಯಾನಿಕ್ಕೊಬ್ಬರು ಕಾರಿನ ಮ್ಯಾಟು ಎತ್ತಿ ಕುಕ್ಕರಗಾಲಲ್ಲಿ ಕುಳಿತರು. “ಬನ್ನಿ ಸಾ ಇಲ್ಲಿ. ಇದು ನೆಲ ಅಲ್ಲ, ಎಣ್ಣೆ ಡಬ್ಬ.” ತುಕ್ಕು ತಿಂದ ನೆಲದ ಮೇಲೆ ಯಾರೋ ಹಿಂದೆಯೇ ಡಬ್ಬದ ತಗಡು ಕೂರಿಸಿ ಟಾರು ಬಳಿದಿದ್ದರು. ಕಾರಿನಲ್ಲಿ ಕರೆಂಟು ವಾಪಸ್ಸು ಬರುವುದು ಅದರ ಕಬ್ಬಿಣದ ಮೈಯಿಂದಲೇ. ವಾಪಸ್ಸಿನ ತಂತಿಯನ್ನು ಬಾಮೈದ ಕಾರಿನ ನೆಲವೆಂದು ನಂಬಿ ಬಿಗಿದದ್ದು ಆ ತಗಡಿಗೇ. ಟಾರಿನಿಂದಾಗಿ ಅದು ಕಾರಿನ ಮೈಗೆ ತಾಗಿಯೇ ಇರಲಿಲ್ಲ. ದಾರಿ ಸಿಗದ ಕರೆಂಟು ಸಿಕ್ಕ ಸಿಕ್ಕ ದೀಪದೊಳಗೆ ನುಗ್ಗಿ ಬರುತ್ತಿತ್ತು. ಅದೇ ತಗಡಿನ ಅಂಚು ಇನ್ನೊಂದು ತಂತಿಯ ಹೊದಿಕೆಯನ್ನು ಕೊಯ್ದು, ಆ ತಂತಿ ಕಾರಿನ ಮೈಗೆ ತಾಗಿ ಹೊಗೆಯೆದ್ದಿತ್ತು.

ಆಮೇಲೆ ಅವರು ಬಾನೆಟ್ ಎತ್ತಿದರು. “ಆದ್ರೂ ಒಗೆ ಬರಬಾರ್ದಿತ್ತು ಸಾ, ಫ್ಯೂಸು ಮೊದ್ಲೇ ಓಗ್ಬೇಕಿತ್ತು. ಆದ್ರೆ ಇಲ್ಲಿ ಫ್ಯೂಸೇ ಇಲ್ವಲ್ಲ? ಯಾರೋ ಕಿತ್ಕಂಡವ್ರೆ.”

ಬಗ್ಗಿ ನೋಡಿದೆ. ನನ್ನ ಮೂರೆಳೆ ತಂತಿಯ ಜಾಗ ಖಾಲಿಯಿತ್ತು. ಅವತ್ತು ಬಾನೆಟ್ಟಿನೊಳಗೆ ಕೈ ಹಾಕಿದವನು ಬಾಮೈದ ಒಬ್ಬನೇ. ನಾನು ಕೂಗಾಡುವ ಮೊದಲೇ ಅವನಿಗೆ ಗೊತ್ತಿತ್ತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಡುಗೆಮನೆಗೆ ಹೋಗಿ, ಊಟದ ಕ್ಯಾರಿಯರ್ ತುಂಬಿ ತಂದು ನನ್ನ ಮುಂದಿಟ್ಟಳು.

ಪಾಂಡವಪುರದ ಅಂಗಡಿಯಲ್ಲಿ ಅವನು ಮೋಟಾರಿಗೆ ತಂತಿ ಸುತ್ತುತ್ತಿದ್ದ. “ಕಂಡಿದ್ದೆಯಲ್ಲೋ, ಅವತ್ತೇ ಯಾಕೆ ಹೇಳಲಿಲ್ಲ?” ಅಂದೆ.

“ಅಷ್ಟ್ ಜನದ್ ಮುಂದೆ ಏನಂತ ಏಳ್ಲಿ ಭಾವ? ಮೇಷ್ಟ್ರಾಗಿ ನೀವೇ ಇಂಗ್ ಮಾಡೀರಿ ಅನ್ಲಾ? ನಮ್ಮಕ್ಕ ನಿಮ್ ಜೊತೇಲಿ ತಲೆ ಎತ್ಕಂಡ್ ಓಡಾಡ್ಬೇಕಲ್ವಾ?” ಎಂದು ಡ್ರಾಯರ್ ಎಳೆದು, ಕಪ್ಪಾಗಿದ್ದ ಮೂರೆಳೆ ತಂತಿಯನ್ನು ನನ್ನ ಅಂಗೈ ಮೇಲಿಟ್ಟ. ತುದಿಯಲ್ಲಿ ಇನ್ನೂ ಒಂದಿಷ್ಟು ನೀಲಿ ಹೊದಿಕೆ ಉಳಿದಿತ್ತು. “ನಿಮ್ ಸ್ಕೂಲಿಂದು. ತಕಳಿ.”

ನಾನೇ ಎಲೆ ಹಾಸಿ ಬಡಿಸಿದೆ. ಅವನು ಕೈ ತೊಳೆದು ಕುಳಿತ.

“ಈಗ ಬ್ರೇಕ್ ಒತ್ತುದ್ರೆ ದೇವ್ರ್ ದೀಪ ಅತ್ತುತ್ತದಾ ಭಾವ?”

“ಇಲ್ಲ, ಎಲ್ಲಾ ಸರಿಹೋಯ್ತು.”

“ಥೂ, ಅದೊಂದ್ ಇರ್ಬೇಕಿತ್ತು” ಎಂದು ಮೊದಲ ತುತ್ತು ಬಾಯಿಗಿಟ್ಟ. ನಾನು ಆಚೆಗೆ ಬಂದು, ಕಾರಿನ ಬಾನೆಟ್ ಎತ್ತಿ, ಏನೋ ರಿಪೇರಿಯಿದೆ ಎನ್ನುವವನ ಹಾಗೆ ಅದರೊಳಗೆ ಮುಖ ಹಾಕಿಕೊಂಡು ನಿಂತೆ.