ಹಾಲಿನ ಕ್ಯಾನಿಗೆ ಜಾಗವಿಲ್ಲದ ದೋಣಿ

ನಮ್ಮೂರಿಗೆ ಮೋಸವಾಗಿದೆ. ಹಿನ್ನೀರು ದಾಟಲು ದೋಣಿ ಕೊಡಿ ಎಂದು ಕೂಗಾಡಿದೆವು. ಸರ್ಕಾರದ ಸಾಹೇಬರು ಊರ ಸಭೆಗೆ ಆಟದ ಸಾಮಾನು ತಂದರು. ಒಂದು ಸರ್ಫ್‌ಸ್ಕಿ ಎಂಬ ಪಂದ್ಯದ ದೋಣಿ, ಸೌತೆಕಾಯಿಯಂತೆ ಉದ್ದ, ಸಪೂರ. ಇನ್ನೊಂದು ಔಟ್‌ರಿಗರ್, ಮಗುಚದಿರಲೆಂದು ಪಕ್ಕಕ್ಕೊಂದು ತೇಲುವ ದಿಮ್ಮಿ ಕಟ್ಟಿದ್ದು. ಎರಡರಲ್ಲೂ ಒಬ್ಬರಿಗಷ್ಟೇ ಜಾಗ.

"ಆರಿಸಿಕೊಳ್ಳಿ. ಸರ್ಫ್‌ಸ್ಕಿ ಭಾರೀ ವೇಗ," ಎಂದರು.

ದಿನವೂ ಬಾಗಲಕೋಟೆಗೆ ಹಾಲು ಒಯ್ಯುವ ಗಂಗವ್ವ ಎರಡನ್ನೂ ಕನ್ಯೆ ನೋಡಿದಂತೆ ನೋಡಿದಳು. "ತೆಳ್ಳನಾಕಿ ಬ್ಯಾಡ್ರಿ. ಬಗಲಾಗ ಕೂಸಿದ್ದಾಕಿನ್ನ ಕೊಡ್ರಿ. ಕೂಸಿನ ಮ್ಯಾಲ ಕ್ಯಾನ ಇಡ್ತೇನಿ."

"ಅಯ್ಯೋ, ಅದು ಬ್ಯಾಲೆನ್ಸಿಗೆ!"

"ನನ್ನ ಬ್ಯಾಲೆನ್ಸೂ ಕ್ಯಾನಿನಾಗ ಐತ್ರಿ. ಹಾಲು ಈ ದಂಡಿಗೆ ಬಿಟ್ಟು ಆ ದಂಡಿಗೆ ಬರೇ ನೀರು ಮಾರ್ಲೇನ್ರಿ?"

ಸಾಹೇಬರು "ಔಟ್‌ರಿಗರಿಗೆ ಜನರ ಒಪ್ಪಿಗೆ" ಎಂದು ಫೋಟೊ ತೆಗೆಸಿಕೊಂಡರು.

ಊರವರೇ, ಮುಂದಿನ ಸಭೆಗೆ ಕೈಬೀಸಿಕೊಂಡು ಬರಬೇಡಿ. ಕ್ಯಾನು, ಹುಲ್ಲಿನ ಹೊರೆ, ಆಡು ಸಮೇತ ಬನ್ನಿ. ಸಾಹೇಬರನ್ನೇ ಕೂಸಿನ ಮೇಲೆ ಕೂರಿಸೋಣ.