ತಿಂಗಳ ಸೂಜಿಗೆ ಅಲೆದ ಇಸ್ತ್ರಿ ಅಕ್ಕ

ಒಬ್ಬಳು ಅಕ್ಕ, ಅವಳಿಗೊಬ್ಬ ತಮ್ಮ, ಇಬ್ಬರಿಗೂ ಸೇರಿ ಒಂದು ಇಸ್ತ್ರಿ ಅಂಗಡಿ. ಅಂಗಡಿ ಎಂದರೆ ಏನೆಂದುಕೊಂಡಿರಿ? ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಮಿಕ್ಕಿದ ಮೂಲೆ. ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ಒಂದು ಹಲಗೆ, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಕಂದು ಕಲೆಯಾದ ಬಿಳಿ ಬಟ್ಟೆ, ಪಕ್ಕದಲ್ಲಿ ನೀರು ಚಿಮುಕಿಸುವ ಬಾಟಲಿ. ಅಕ್ಕ ಇಸ್ತ್ರಿ ಹಾಕುತ್ತಿದ್ದಳು, ತಮ್ಮ ಬಟ್ಟೆ ಹೊತ್ತು ಮನೆಮನೆಗೆ ಮುಟ್ಟಿಸುತ್ತಿದ್ದ. ತಮ್ಮ ಎಂದರೆ ಎಳೆಯ ಹುಡುಗನಲ್ಲ, ಕಿವಿಯ ಮೇಲಿನ ಕೂದಲು ನೆರೆತ ಆಸಾಮಿ.

ಅವನ ಉಡುಪನ್ನು ನೀವು ನೋಡಬೇಕಿತ್ತು. ಗಂಜಿ ಹಾಕಿ ತಿಕ್ಕಿದ ಅಂಗಿ, ಮುಟ್ಟಿದರೆ ಬೆರಳು ಕೊಯ್ದೀತು ಎನ್ನುವಂಥ ಪ್ಯಾಂಟಿನ ಗೀರು. ಬೀದಿಯವರು ಅವನನ್ನು ‘ಸಾಹೇಬ’ ಎಂದೇ ಕರೆಯುತ್ತಿದ್ದರು. ಅಂಗಡಿಗೆ ಬೋರ್ಡು ಯಾಕಿಲ್ಲ ಎಂದು ಯಾರಾದರೂ ಕೇಳಿದರೆ ಅಕ್ಕ, “ಓಡಾಡೋ ಬೋರ್ಡು ಇದೆಯಲ್ಲ, ಅಲ್ಲಿ ಬರ್ತಾ ಇದೆ ನೋಡಿ” ಎನ್ನುತ್ತಿದ್ದಳು.

ಈ ಸಾಹೇಬನಿಗೆ ಒಂದು ಕಾಯಿಲೆ. ಮೀಸೆ ಚಿಗುರುವ ಹೊತ್ತಿಗೆ, ಪಕ್ಕದ ಮನೆಯವರು ಗೋಡೆಯಾಚೆ ತನ್ನನ್ನೇ ಆಡಿಕೊಳ್ಳುತ್ತಾರೆ ಎಂದು ಶುರುವಾಯಿತು. ಆಮೇಲೆ ಗೋಡೆಯೇ ಇಲ್ಲದ ಕಡೆಯೂ ಮಾತು ಕೇಳಿಸತೊಡಗಿತು. ಅನ್ನದಲ್ಲಿ ಏನೋ ಬೆರೆಸಿದ್ದಾರೆ ಎಂದು ತಟ್ಟೆ ತಳ್ಳುತ್ತಿದ್ದ. ಅಕ್ಕನ ಗಂಡ ಒಂದು ದಿನ, “ಈ ಮನೇಲಿ ಅವನಿರಬೇಕು, ಇಲ್ಲ ನಾನಿರಬೇಕು” ಎಂದ. ಅಕ್ಕ ಗಂಡನ ಅಂಗಿಗಳಿಗೆಲ್ಲ ಇಸ್ತ್ರಿ ಹಾಕಿ, ಮಡಿಸಿ, ಚೀಲಕ್ಕೆ ತುಂಬಿ ಅವನ ಕೈಗೆ ಕೊಟ್ಟಳು.

ಡಾಕ್ಟರು ಮಾತ್ರೆ ಬರೆದರು. ತಮ್ಮ ಅಕ್ಕನೆದುರಿಗೆ ಮಾತ್ರೆ ಬಾಯಿಗೆ ಹಾಕಿಕೊಂಡು, ನೀರೂ ಕುಡಿದು, ಅವಳು ಅತ್ತ ತಿರುಗಿದ್ದೇ ತಡ, ಉಗಿದು ಕೈಗೆ ಸಿಕ್ಕಿದ ಗಿರಾಕಿಯ ಅಂಗಿಯ ಜೇಬಿಗೆ ಸೇರಿಸುತ್ತಿದ್ದ. ಕೊನೆಗೊಮ್ಮೆ ಮೇಲ್ಮಹಡಿಯ ಲೆಕ್ಕದ ಮೇಷ್ಟ್ರು ಇಳಿದು ಬಂದರು.

“ಏನಮ್ಮಾ, ಇಸ್ತ್ರಿ ಜೊತೆ ಈಗ ಔಷಧೀನೂ ಶುರು ಮಾಡಿದ್ದೀರಾ? ನನಗೆ ಮಂಡಿ ನೋವು. ಅದಕ್ಕೆ ಏನಾದ್ರೂ ಇದ್ರೆ ನಾಳೆ ಜೇಬಿಗೆ ಹಾಕ್ಸಿ.”

ಬೀದಿಯೆಲ್ಲ ನಕ್ಕಿತು. ಅಕ್ಕನೂ ನಕ್ಕಳು. ಆಮೇಲೆ ಹಲಗೆಯ ಕಂಬಳಿಗೆ ಮುಖ ಒತ್ತಿ ಅತ್ತಳು.

ಆಗ ಮಾತ್ರೆ ಬರೆದ ಆ ಡಾಕ್ಟರೇ ಒಂದು ದಾರಿ ಹೇಳಿದರು. ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ ಇದೆ, ಒಳಗೆ ಕೂತು ನಿಧಾನವಾಗಿ ಕೆಲಸ ಮಾಡುತ್ತದೆ, ದಿನದಿನದ ಮಾತ್ರೆಯ ಜಗಳ ಇರುವುದಿಲ್ಲ. ತಮ್ಮನನ್ನೂ ಕೇಳಿದರು. ಅವನು, “ಅಕ್ಕ ದಿನಾ ನನ್ನ ಬಾಯಿ ತೆಗೆಸಿ ನೋಡೋದು ತಪ್ಪುತ್ತೆ ಅಂದ್ರೆ ಚುಚ್ಚಿ ಸಾರ್” ಎಂದ. ಅಂದಿನಿಂದ ಮನೆಯಲ್ಲಿ ಅದಕ್ಕೆ ‘ತಿಂಗಳ ಸೂಜಿ’ ಎಂದೇ ಹೆಸರಾಯಿತು. ವರ್ಷಗಳು ಸಲೀಸಾಗಿ ಉರುಳಿದವು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾವ ಅಜ್ಜಿ ಬಟ್ಟೆ ತಂದವನನ್ನು ಒಳಗೆ ಕೂರಿಸಿಕೊಂಡು ಸೊಸೆಯನ್ನು ದೂರುತ್ತಾಳೆ, ಎಲ್ಲವೂ ಸಾಹೇಬನಿಗೆ ಗೊತ್ತಿತ್ತು.

ಡಾಕ್ಟರಿಗೂ ವಯಸ್ಸಾಯಿತು. ಕ್ಲಿನಿಕ್ಕಿನ ಶಟರು ಎಳೆದು ಮಗಳ ಊರಿಗೆ ಹೋದರು. ಮುಂದಿನ ಸೂಜಿಗೆ ಹೋದಾಗ ಅಲ್ಲಿ ಚಪ್ಪಲಿ ಅಂಗಡಿ. “ಯಾವ ಸೈಜು ಬೇಕಮ್ಮ?” ಎಂದು ಕೇಳಿದರು.

ಶುರುವಾಯಿತು ಅಲೆದಾಟ. ಬೀದಿ ತುದಿಯ ಜ್ವರದ ಡಾಕ್ಟರು, “ಅಯ್ಯೋ, ಇದು ನನ್ನ ಕೆಲಸ ಅಲ್ಲ. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಕುತ್ತಿಗೆಗೆ ಬರುತ್ತೆ” ಎಂದು ಕೈಮುಗಿದರು. ಗಾಜಿನ ಬಾಗಿಲಿನ ಆಸ್ಪತ್ರೆಯಲ್ಲಿ, ಆ ಇಂಜೆಕ್ಷನ್ ನಾವು ಇಡುವುದಿಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ದೊಡ್ಡಾಸ್ಪತ್ರೆಗೆ ಹೋಗುವ ಹಿಂದಿನ ದಿನ ಅಕ್ಕ ಗಿರಾಕಿಗಳ ಬಟ್ಟೆ ಬದಿಗಿಟ್ಟು, ತಮ್ಮನ ಅಂಗಿಗೆ ಎರಡು ಸಲ ಗಂಜಿ ಹಾಕಿದಳು. ದೊಡ್ಡವರ ಮುಂದೆ ಹೋಗುವಾಗ ಸುಕ್ಕು ಇರಬಾರದು. ಆ ಅಂಗಡಿಯಲ್ಲಿ ಅದು ಅಪ್ಪನ ಕಾಲದಿಂದ ಬಂದ ಪಾಠ.

ಅಲ್ಲಿನ ಡಾಕ್ಟರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಬಾಗಿಲಾಚೆ ಜನ ಸಂತೆಯಂತೆ ಸೇರಿದ್ದರು. ತಲೆಯೆತ್ತಿ ಗರಿಗರಿ ಅಂಗಿಯನ್ನು ನೋಡಿದರು.

“ಪೇಷೆಂಟ್ ಯಾರು? ನೀವಾ?” ಎಂದು ಅಕ್ಕನನ್ನೇ ಕೇಳಿದರು.

“ನಾನಲ್ಲ ಸಾರ್, ಇವನು. ಸೂಜಿ ತಪ್ಪಿ ಆಗಲೇ ತಡ ಆಗಿದೆ.”

“ಇವರು ಚೆನ್ನಾಗೇ ಇದ್ದಾರಲ್ಲಮ್ಮ.” ಡಾಕ್ಟರು ತಮ್ಮನ ಕಡೆ ತಿರುಗಿದರು. “ಮಾತ್ರೆ ಕೊಟ್ರೆ ನುಂಗ್ತೀರಾ?”

“ಆಗ್ಲಿ ಸಾರ್.”

“ತಪ್ಪಿಸಲ್ಲ ತಾನೇ?”

“ಇಲ್ಲ ಸಾರ್. ಆಗ್ಲಿ ಸಾರ್.”

ಅಷ್ಟು ವರ್ಷ ಬಾಗಿಲಲ್ಲಿ ನಿಂತು ಬಟ್ಟೆ ಕೊಟ್ಟ ನಾಲಿಗೆ ಅದು. ನಾಳೆ ಬೆಳಗ್ಗೆಯೇ ಬೇಕು ಎಂದರೆ ಆಗಲಿ, ಗುಂಡಿ ಹೊಲಿಸಿ ಕೊಡು ಎಂದರೂ ಆಗಲಿ. ಆಗುವುದಿಲ್ಲ ಎನ್ನುವುದು ಅದಕ್ಕೆ ಗೊತ್ತೇ ಇರಲಿಲ್ಲ. ಅಕ್ಕ “ಸಾರ್, ಇವನು ಹಿಂದೆ ಮಾತ್ರೇನ...” ಎಂದು ಬಾಯಿ ತೆರೆಯುವಷ್ಟರಲ್ಲಿ, “ಅವರೇ ಒಪ್ಕೊಂಡ್ರಲ್ಲಮ್ಮ, ಮುಂದಿನವರು ಬರಲಿ” ಎಂದರು.

ಹೊರಗೆ ಬಂದು ಅಕ್ಕ ಸಿಡುಕಿದಳು. “ಎಲ್ಲದಕ್ಕೂ ಆಗ್ಲಿ ಆಗ್ಲಿ! ಅದೇನು ಬಟ್ಟೆ ಅಂಗಡೀನಾ ಮಾರಾಯ?”

“ಎದುರು ಮಾತಾಡಬೇಡ ಅಂತ ನೀನೇ ತಾನೇ ಹೇಳಿಕೊಟ್ಟಿದ್ದು?” ಎಂದ ತಮ್ಮ. ಸ್ವಲ್ಪ ದೂರ ನಡೆದು ಮತ್ತೆ ಹೇಳಿದ, “ಅಕ್ಕಾ, ಮುಂದಿನ ಸಲ ಮುದ್ದೆಯಾದ ಅಂಗಿ ಹಾಕ್ಕೊಂಡು ಬರ್ತೀನಿ. ತಲೇನೂ ಕೆದರಿಕೊಳ್ತೀನಿ. ಆಗ ಕೊಡ್ತಾರೇನೋ.”

“ಮುಚ್ಚು ಬಾಯಿ. ನಾನು ಬದುಕಿರೋವಾಗ ನೀನು ಮುದ್ದೆ ಅಂಗಿ ಹಾಕ್ಕೊಂಡು ಬೀದೀಲಿ ನಡೀತೀಯಾ? ಜನ ಏನಂತಾರೆ?”

ಮತ್ತೊಮ್ಮೆ ಹೋದರು. ಮತ್ತೆ ಗಂಜಿ, ಮತ್ತೆ ಗೀರು, ಮತ್ತೆ ‘ಆಗ್ಲಿ ಸಾರ್’. ಮತ್ತೆ ಮಾತ್ರೆ, ಅದು ಮತ್ತೆ ಯಾರದೋ ಅಂಗಿಯ ಜೇಬಿಗೆ.

ಒಳಗೆ ಉಳಿದಿದ್ದ ಹಳೆಯ ಔಷಧಿ ಸದ್ದಿಲ್ಲದೆ ತೀರುತ್ತ ಬಂತು. ಮೊದಲು ಅವನ ನಿದ್ದೆ ಹೋಯಿತು. ಆಮೇಲೆ ಬಟ್ಟೆ ಮಡಿಸುವಾಗ ಕಾಲರನ್ನು ಕಿವಿಗಿಟ್ಟು ಕೇಳತೊಡಗಿದ. ಒಂದು ಮಧ್ಯಾಹ್ನ ಅಕ್ಕ ಊಟ ತರಲು ಹೋಗಿದ್ದಾಗ, ಕಾಲರಿನೊಳಗೆ ಯಾರೋ ಏನನ್ನೋ ಹೊಲಿದಿದ್ದಾರೆ ಎಂದು ಬ್ಲೇಡು ತೆಗೆದುಕೊಂಡು ಗಿರಾಕಿಗಳ ಅಂಗಿಯ ಕಾಲರುಗಳನ್ನೆಲ್ಲ ಸೀಳಿದ. ಅಷ್ಟಕ್ಕೇ ನಿಲ್ಲದೆ ಮೇಲ್ಮಹಡಿಗೆ ಓಡಿ, ಮೇಷ್ಟ್ರು ತೊಟ್ಟಿದ್ದ ಅಂಗಿಯ ಕಾಲರಿಗೇ ಕೈ ಹಾಕಿದ. ಮೇಷ್ಟ್ರಿಗೆ ಗಾಯವೇನೂ ಆಗಲಿಲ್ಲ. ಆದರೆ ಬ್ಲೇಡು ಹಿಡಿದ ಕೈಯನ್ನು ಕಟ್ಟಡವೆಲ್ಲ ನೋಡಿತು.

ನಾಲ್ಕಾರು ಜನ ಹಿಡಿದು ದೊಡ್ಡಾಸ್ಪತ್ರೆಗೆ ಒಯ್ದರು. ಕಾಲಲ್ಲಿ ಚಪ್ಪಲಿ ಇಲ್ಲ, ಅಂಗಿ ಹರಿದು ಒಂದು ತೋಳು ಮಾತ್ರ ಉಳಿದಿತ್ತು. ಅದೇ ಡಾಕ್ಟರು. ಇವರ ಗುರುತು ಅವರಿಗೆ ಹತ್ತಲಿಲ್ಲ.

“ಇಷ್ಟು ಕೆಡೋವರೆಗೂ ಏನಮ್ಮಾ ಮಾಡ್ತಿದ್ರಿ? ಇಂಥವರಿಗೇ ಅಂತ ತಿಂಗಳಿಗೊಂದು ಇಂಜೆಕ್ಷನ್ ಇದೆ. ಯಾರೂ ಹೇಳಲಿಲ್ವಾ ನಿಮಗೆ?”

ಅಕ್ಕನ ನಾಲಿಗೆಯ ತುದಿಗೆ ಬಂದದ್ದನ್ನು ನಾನಿಲ್ಲಿ ಬರೆಯಲಾರೆ. ಆದರೆ ಡಾಕ್ಟರ ಪೆನ್ನು ಆಗಷ್ಟೇ ಕಾಗದಕ್ಕೆ ತಾಗಿತ್ತು. ಎದುರು ಮಾತಾಡಿದರೆ ಅದು ನಿಂತುಬಿಟ್ಟರೆ?

“ಇಲ್ಲ ಸಾರ್, ಯಾರೂ ಹೇಳಲಿಲ್ಲ” ಎಂದಳು.

ಸೂಜಿ ಸಿಕ್ಕಿತು. ತಿಂಗಳು ತಿಂಗಳು ಬನ್ನಿ ಎಂದರು. ತಮ್ಮ ಕೆಲವು ವಾರ ಅಲ್ಲೇ ಇದ್ದು, ಮೆಲ್ಲಗೆ ಮನುಷ್ಯನಾಗಿ ಮನೆಗೆ ಬಂದ. ಬಟ್ಟೆ ಮಡಿಸುವ ಕೈ ಮೊದಲಿನಂತೆಯೇ ಚುರುಕಾಗಿತ್ತು. ಗಂಟು ಕಟ್ಟಿ ಮೆಟ್ಟಿಲು ಹತ್ತಲು ಹೊರಟಾಗ ಅಕ್ಕ ಅದನ್ನು ಕಿತ್ತುಕೊಂಡಳು. ಅವನು ಬರುವ ಮೊದಲೇ ಕಟ್ಟಡದವರು ಹೇಳಿ ಕಳಿಸಿದ್ದರು: “ನೀವೇ ತಂದುಕೊಡೋದಾದ್ರೆ ಸರಿ. ಅವನು ಬಾಗಿಲಿಗೆ ಬರೋದು ಬೇಡ.” ಹೇಳಿ ಕಳಿಸಿದವರಲ್ಲಿ ಸೊಸೆಯನ್ನು ದೂರುವ ಅಜ್ಜಿಯೂ ಇದ್ದಳು.

ಈಗ ಅಕ್ಕ ಮಂಡಿ ಹಿಡಿದುಕೊಂಡು ಮಹಡಿ ಹತ್ತುತ್ತಾಳೆ. ತಮ್ಮ ಮೆಟ್ಟಿಲ ಕೆಳಗೆ ಇಸ್ತ್ರಿ ಹಾಕುತ್ತಾನೆ. ಮೊನ್ನೆ ಅವಳು ಇಳಿದು ಬಂದಾಗ ಕೇಳಿದ:

“ಅಜ್ಜಿ ನನ್ನ ಕೇಳಿದ್ರಾ?”

“ಹೂಂ ಕಣೋ, ಕೇಳಿದ್ರು. ಸಾಹೇಬ ಹೇಗಿದ್ದಾನೆ ಅಂದ್ರು.”

ತಮ್ಮ ಕಫ್ ತಿರುಗಿಸಿ ಒತ್ತಿದ. “ಮನೆಯೊಳಗೆ ಕೂರಿಸಿಕೊಂಡ್ರಾ ನಿನ್ನ?”

“ಇಲ್ಲ. ಬಾಗಿಲಲ್ಲೇ ಬಟ್ಟೆ ತಗೊಂಡ್ರು.”

“ಹಾಗಾದ್ರೆ ಕೇಳಿಲ್ಲ ಬಿಡು” ಎಂದು ಅವನು ಮುಂದಿನ ಅಂಗಿಗೆ ನೀರು ಚಿಮುಕಿಸಿದ.