ಎರಡೂ ಮನೆಯ ಕೌದಿ

ಮಸರಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಆಯಿ ಕೂಸಿಗೆ ಕೌದಿ ಹೊಲಿಯಲು ಹೊಸ ಬಟ್ಟೆ ಮುಟ್ಟುತ್ತಿರಲಿಲ್ಲ. ಸೂಜಿಯನ್ನು ಎಣ್ಣೆಗೂದಲಿಗೆ ಒಮ್ಮೆ ಉಜ್ಜಿ, "ಎರಡೂ ಮನಿ ಹಳೇ ಅರಬಿ ಬೇಕವ್ವಾ" ಎನ್ನುತ್ತಿದ್ದಳು.

ನನಗೆ ಮಗಳು ಹುಟ್ಟಿದಾಗ ಅತ್ತೆಯ ಹಳೆಯ ಸೀರೆ ಕೊಟ್ಟೆ. ತವರಿನದೇನೂ ಇರಲಿಲ್ಲ. ಮೆಚ್ಚಿದವನನ್ನು ಮದುವೆಯಾದೆನೆಂದು ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದ.

"ನಮ್ಮಪ್ಪ ಕೊಡಂಗಿಲ್ಲ, ಬಿಡಬೇ ಆಯಿ."

"ನಿನಗಂತ ಯಾರು ಕೇಳತಾರ? ಕೂಸಿಗಂತ ಕೇಳತೀನಿ" ಎಂದವಳೇ ಬಸ್ಸು ಹತ್ತಿ ನನ್ನ ತವರೂರು ಪೋತ್ನಾಳಕ್ಕೆ ಹೋದಳು. ಸಂಜೆ ಅಪ್ಪನ ಬಿಳಿ ರುಮಾಲು ತಂದು, ಕೌದಿಯ ನಟ್ಟನಡುವೆ ಇಟ್ಟು ಹೊಲಿದಳು.

ಕೆಲವು ದಿನಗಳ ಮೇಲೆ ಅಪ್ಪ ಬಂದ. ಕೌದಿಯ ನಡುವೆ ಮಲಗಿದ್ದ ಮೊಮ್ಮಗಳ ಪಕ್ಕ ಕೂತು ಅದರ ಅಂಚಿನ ಮೇಲೆ ಕೈಯಾಡಿಸಿದ.

"ನನ್ನ ರುಮಾಲ ಎಲ್ಲಿ ಹಚ್ಯಾಳಬೇ?"

ಮದುವೆಯಾದ ಮೇಲೆ ಅಪ್ಪ ನನ್ನೊಡನೆ ಆಡಿದ ಮೊದಲ ಮಾತು ಅದು.